ಊರು ಬಿಡುವ ಮುಂಚೆ ನಾನು ಬರೆದಿಡುವ ಹಾಳೆ

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ನನ್ನ ಹೃದಯದ ಮೈಟ್ರಲ್ ವಾಲ್ವ್, ಅಂದರೆ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ, ಕೆಟ್ಟಿತ್ತು. ಅದನ್ನು ತೆಗೆದು ಟಿಟಿಕೆ ಚಿತ್ರಾ ಎಂಬ ಮೆಕ್ಯಾನಿಕಲ್ (ಕೃತಕ) ವಾಲ್ವ್ ಕೂರಿಸಿದ್ದಾರೆ. ಅಂದಿನಿಂದ ದಿನವೂ ರಕ್ತ ತೆಳು ಮಾಡುವ ಮಾತ್ರೆ, ಅಸಿನೋಕೌಮರಾಲ್. ಅದು ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಜಾಸ್ತಿಯಾದರೆ ಒಳಗೊಳಗೇ ಸೋರಬಹುದು. ಸೋಮವಾರಪೇಟೆಯಲ್ಲಿ ನಮ್ಮ ಡಾಕ್ಟರಿಗೂ ಔಷಧಿ ಅಂಗಡಿಯವರಿಗೂ ಇದು ಗೊತ್ತು. ಕುಶಾಲನಗರ ದಾಟಿದ ಮೇಲೆ ಯಾರಿಗೆ ಗೊತ್ತಿರುತ್ತದೆ? ನನಗೆ ಪ್ರಜ್ಞೆ ಇಲ್ಲದಿದ್ದರೂ ನನ್ನ ಬದಲು ಮಾತಾಡುವಂಥದ್ದು ಒಂದು ಬೇಕು. ಅದೇ ಈ ಹಾಳೆ.

ನನ್ನ ಆಸ್ಪತ್ರೆ ಫೈಲು ದಪ್ಪ ಇದೆ. ಎಮರ್ಜೆನ್ಸಿಯಲ್ಲಿ ಅದನ್ನು ತಿರುವಿ ಹಾಕಲು ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ. ಅದಕ್ಕೇ ಒಂದೇ ಪುಟ, ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ. ಮೊದಲ ಸಾಲಿನಲ್ಲಿ ಹೆಸರು, ವಿಳಾಸ ಬರೆಯುವುದಿಲ್ಲ. 'ಮೆಕ್ಯಾನಿಕಲ್ ಮೈಟ್ರಲ್ ವಾಲ್ವ್ ಇದೆ, ಅಸಿನೋಕೌಮರಾಲ್ ನಡೆಯುತ್ತಿದೆ, ನಿಲ್ಲಿಸುವ ಮುಂಚೆ ಹೃದಯ ತಜ್ಞರನ್ನು ಕೇಳಿ' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಉಳಿದದ್ದನ್ನು ಓದದಿದ್ದರೂ ಇಷ್ಟು ಓದಿದರೆ ಸಾಕು.

ಮಾತ್ರೆಯ ಬ್ರ್ಯಾಂಡ್ ಹೆಸರಿನ ಜೊತೆಗೆ ಮದ್ದಿನ ಹೆಸರೂ ಬೇಕೇ ಬೇಕು. ಬೇರೆ ಊರಿನಲ್ಲಿ ಅದೇ ಬ್ರ್ಯಾಂಡ್ ಸಿಗದೇ ಇರಬಹುದು. ಅಮೆರಿಕದಂಥ ದೇಶಗಳಲ್ಲಿ ಅಸಿನೋಕೌಮರಾಲ್ ಬಳಕೆಯಲ್ಲೇ ಇಲ್ಲ, ಅಲ್ಲಿ ವಾರ್ಫರಿನ್ ಕೊಡುತ್ತಾರೆ. ಎರಡೂ ಒಂದೇ ಬಗೆಯ ಮದ್ದು, ಆದರೆ ಡೋಸ್ ಬೇರೆ. ಒಂದರ ಬದಲು ಇನ್ನೊಂದನ್ನು ಅಷ್ಟೇ ಮಿಲಿಗ್ರಾಂ ನುಂಗುವಂತಿಲ್ಲ. ನನ್ನ ಡೋಸ್ ಎಲ್ಲ ದಿನವೂ ಒಂದೇ ಇಲ್ಲ. ಹಾಗಾಗಿ 'ಸೋಮ, ಬುಧ, ಶುಕ್ರ 3 ಮಿ.ಗ್ರಾಂ, ಉಳಿದ ದಿನ 2 ಮಿ.ಗ್ರಾಂ, ಸಂಜೆ' ಎಂದು ವಾರದ ಲೆಕ್ಕದಲ್ಲಿ ಬರೆಯುತ್ತೇನೆ. ಅದರ ಕೆಳಗೆ ನನಗೆ ಹೇಳಿರುವ ಐಎನ್ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಸಂಖ್ಯೆ, ಏರಿದಷ್ಟೂ ತೆಳು) ಮಿತಿ, 2.5ರಿಂದ 3.5. ಪಕ್ಕದಲ್ಲಿ ಕೊನೆಯ ರಿಪೋರ್ಟಿನ ಸಂಖ್ಯೆ ಮತ್ತು ತಾರೀಖು. ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ. 5/7 ಅಂದರೆ ನಮಗೆ ಜುಲೈ 5, ಕೆಲವು ದೇಶಗಳಲ್ಲಿ ಮೇ 7.

ಹೊರಡುವ ಒಂದು ವಾರ ಮುಂಚೆಯೇ ಐಎನ್ಆರ್ ಮಾಡಿಸುತ್ತೇನೆ. ಡೋಸ್ ಬದಲಿಸಬೇಕಾದರೆ, ಬದಲಿಸಿ ಮತ್ತೆ ನೋಡಲು ಸಮಯ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕೆಸುವಿನ ಸೊಪ್ಪು, ಆ ಸೊಪ್ಪು, ಈ ಸೊಪ್ಪು ಅಂತ ನಡೆದೇ ಇರುತ್ತದೆ. ಪ್ರವಾಸದಲ್ಲಿ ಸೊಪ್ಪು ನಿಂತುಹೋದರೆ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕಡಿಮೆಯಾಗಿ ಐಎನ್ಆರ್ ಏರಬಹುದು. ಇದನ್ನೂ ಒಂದು ಸಾಲಿನಲ್ಲಿ ಬರೆದಿಡುತ್ತೇನೆ.

ಇನ್ನು ಬೇಡದ್ದರ ಪಟ್ಟಿ. ನನ್ನ ಮಟ್ಟಿಗೆ ಹಾಳೆಯ ಜೀವ ಇರುವುದು ಇಲ್ಲೇ. ಸಣ್ಣ ಕ್ಲಿನಿಕ್ಕಿಗೆ ಜ್ವರ, ಮೈಕೈ ನೋವು ಅಂತ ಹೋದರೆ ಸೊಂಟಕ್ಕೊಂದು ಇಂಜೆಕ್ಷನ್ ಕೊಡುವುದು ವಾಡಿಕೆ. ನನಗೆ ಮಾಂಸಖಂಡಕ್ಕೆ ಚುಚ್ಚಿದರೆ ಒಳಗೆ ರಕ್ತ ತುಂಬಿ ಗಡ್ಡೆ ಕಟ್ಟಬಹುದು. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ. ಕೆಲವು ಆ್ಯಂಟಿಬಯಾಟಿಕ್‌ಗಳು ಐಎನ್ಆರ್ ಏರಿಸುತ್ತವೆ, ಕೊಟ್ಟರೆ ಮತ್ತೆ ಪರೀಕ್ಷೆ ಮಾಡಿಸಬೇಕು. ಆದರೆ ಹಲ್ಲು ಕೀಳುವುದಿದ್ದರೆ, ವಾಲ್ವಿಗೆ ಸೋಂಕು ತಗಲದಂತೆ ಮೊದಲೇ ಆ್ಯಂಟಿಬಯಾಟಿಕ್ ಬೇಕು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಸ್ಕ್ಯಾನ್ ಬೇಕು. ಇದೆಲ್ಲ ನಮ್ಮ ಡಾಕ್ಟರ್ ಓದಿ, ಸಹಿ ಹಾಕಿ, ಸೀಲ್ ಒತ್ತಿದ್ದು. ಸಹಿ ಇಲ್ಲದ ಹಾಳೆಯನ್ನು ಪರಊರಿನ ಡಾಕ್ಟರ್ ಯಾಕೆ ನಂಬಬೇಕು, ಅಲ್ವಾ?

ವಾಲ್ವ್ ಕಾರ್ಡ್‌ನಲ್ಲಿ ಮಾದರಿ, ಅಳತೆ, ಸೀರಿಯಲ್ ನಂಬರ್ ಇರುತ್ತದೆ. ಎಂಆರ್‌ಐ ಮಾಡುವವರು ಕೇಳುವುದು ಅದನ್ನೇ. ಅದರ ಜೆರಾಕ್ಸ್, ಡಿಸ್ಚಾರ್ಜ್ ಸಮ್ಮರಿ, ಈಚಿನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಹಾಳೆಯ ಹಿಂದೆ.

ಫೋನಿನಲ್ಲೂ ಫೋಟೋ ಇಟ್ಟಿದ್ದೇನೆ, ಲಾಕ್ ಇದ್ದರೂ ಕಾಣುವ ಹಾಗೆ ಎಮರ್ಜೆನ್ಸಿ ಮಾಹಿತಿ ತುಂಬಿದ್ದೇನೆ. ಆದರೆ ಫೋನನ್ನೇ ನಂಬಿ ಕೂರುವುದಿಲ್ಲ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕು ಎರಡೂ ಹೋಗುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ-ಸಂಪಾಜೆ ರಸ್ತೆಯೇ ಮುಚ್ಚಿತ್ತು. ಹಾಗಾಗಿ ಕಾಗದ ಬೇಕು, ವಾಪಸ್ ಬರುವುದು ತಡವಾದರೂ ಸಾಲುವಷ್ಟು ಮಾತ್ರೆಯೂ ಬೇಕು. ಮಾತ್ರೆ ಸ್ಟ್ರಿಪ್‌ನಲ್ಲೇ ಇರಬೇಕು, ಚೀಟಿಯ ಜೊತೆ, ಕೈಚೀಲದಲ್ಲಿ.

ಕಾಶಿಗೆ ಹೊರಟಾಗ ನಾದಿನಿಗೂ ಒಂದು ಪ್ರತಿ ಕೊಟ್ಟೆ. "ಅತ್ತಿಗೆ, ಅಲ್ಲಿ ಹಿಂದೀಲಿ ಏನಂತ ಹೇಳ್ಲಿ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. 'ದಿಲ್ ಕಾ ವಾಲ್ವ್ ಬದಲಾ ಹುವಾ ಹೈ, ಖೂನ್ ಪತಲಾ ಕರನೇ ಕೀ ದವಾ ಚಲ್ ರಹೀ ಹೈ' ಎಂದು ಹಾಳೆಯ ಹಿಂಬದಿಗೆ ಕನ್ನಡ ಅಕ್ಷರದಲ್ಲಿ ಬರೆದೆ. ಮೈಸೂರಿನಲ್ಲಿ ರೈಲು ಹತ್ತುವವರೆಗೂ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ನನ್ನ ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಕೈ ಸೋತರೆ ಒಂದು ನಿಮಿಷವೂ ಕಾಯದೆ 108 ಅಥವಾ 112ಕ್ಕೆ ಫೋನ್ ಮಾಡು ಎಂದೂ ಹೇಳಿದ್ದೆ.

ಲ್ಯಾಮಿನೇಷನ್ ಮಾಡಿಸುವುದಿಲ್ಲ, ಯಾಕೆಂದರೆ ಡೋಸ್ ಬದಲಾಗುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಕವರ್ ಸಾಕು. ಡೋಸ್ ಬದಲಾದ ದಿನವೇ ಹೊಸ ಹಾಳೆ ಬರೆದು, ನಾದಿನಿಯ ಹತ್ತಿರ ಇರುವ ಹಳೆಯದನ್ನೂ ಕೇಳಿ ಪಡೆದು ಹರಿದು ಹಾಕುತ್ತೇನೆ.