ಸಹಿ ಹಾಕಿದರೆ ಸಾಲದು: ವೃತ್ತಿಪರ ಫುಟ್‌ಬಾಲಿಗರಿಗೆ ನೋಂದಣಿ, ಟ್ರಾನ್ಸ್‌ಫರ್ ಕೈಪಿಡಿ

2017ರ ಆಗಸ್ಟ್ 31ರಂದು ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ ಪೋರ್ಚುಗಲ್‌ನ ಆಡ್ರಿಯನ್ ಸಿಲ್ವಾ ಅವರನ್ನು ಕೊಂಡಿತು. ದರ ಕುದುರಿತ್ತು, ಆಟಗಾರ ಒಪ್ಪಿದ್ದರು. ಆದರೆ ಕಾಗದಪತ್ರ ಫಿಫಾದ ಆನ್‌ಲೈನ್ ವ್ಯವಸ್ಥೆ ಸೇರಿದ್ದು ಗಡುವು ಮೀರಿ 14 ಸೆಕೆಂಡಿನ ನಂತರ. ಫಿಫಾ ಒಪ್ಪಲಿಲ್ಲ. ಸಿಲ್ವಾ ಜನವರಿವರೆಗೆ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡಬೇಕಾಯಿತು.

ಕರಾರು ಬೇರೆ, ನೋಂದಣಿ ಬೇರೆ. ಕರಾರು ನಿಮಗೂ ಕ್ಲಬ್‌ಗೂ ನಡುವಿನದು, ಸಂಬಳ ಬರುವುದು ಅದರಿಂದ. ನೋಂದಣಿ ಮಾಡುವುದು ಫುಟ್‌ಬಾಲ್ ಸಂಸ್ಥೆ, ಮೈದಾನಕ್ಕೆ ಇಳಿಯುವ ಹಕ್ಕು ಬರುವುದು ಅದರಿಂದ. ಇವೆರಡರ ಆಚೆ ಮೂರನೆಯ ಬೀಗವೂ ಇದೆ: ಆಯಾ ಟೂರ್ನಿಗೆ ಕ್ಲಬ್ ಕೊಡುವ ಆಟಗಾರರ ಪಟ್ಟಿ. ಬಾರ್ಸಿಲೋನಾದ ಡಾನಿ ಓಲ್ಮೊ ಅವರ ಕರಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಕ್ಲಬ್ ಸ್ಪೇನಿನ ಲೀಗ್ ಆದ ಲಾಲಿಗಾದ ಸಂಬಳದ ಮಿತಿಯೊಳಗೆ ಬಾರದ್ದರಿಂದ 2024ರ ಡಿಸೆಂಬರ್ 31ಕ್ಕೆ ಅವರ ನೋಂದಣಿ ಮುಗಿದುಹೋಯಿತು. ಸ್ಪೇನ್ ಸರ್ಕಾರದ ಕ್ರೀಡಾ ಮಂಡಳಿ ತಾತ್ಕಾಲಿಕ ಆದೇಶ ಕೊಟ್ಟ ಮೇಲಷ್ಟೇ ಅವರು ಮತ್ತೆ ಆಡಿದ್ದು. ಸಹಿಗೆ ಮುಂಚೆಯೇ ಕ್ಲಬ್‌ಗೆ ಕೇಳಿ: ನನ್ನನ್ನು ಯಾವ ದಿನಾಂಕಕ್ಕೆ ನೋಂದಾಯಿಸುತ್ತೀರಿ, ಯಾವ ಟೂರ್ನಿಯ ಪಟ್ಟಿಗೆ ಸೇರಿಸುತ್ತೀರಿ? ಉತ್ತರ ಇಮೇಲ್‌ನಲ್ಲಿರಲಿ.

ಇನ್ನೊಂದು ಪ್ರಶ್ನೆಯನ್ನೂ ಆಗಲೇ ಕೇಳಬೇಕು. ಆ ಕ್ಲಬ್‌ಗೆ ನೋಂದಣಿ ನಿಷೇಧ ಇದೆಯೇ? ಹಳೆಯ ಆಟಗಾರರ ಬಾಕಿ ತೀರಿಸದ ಕ್ಲಬ್‌ಗಳಿಗೆ ಫಿಫಾ ಹೊಸಬರನ್ನು ನೋಂದಾಯಿಸದಂತೆ ತಡೆ ಹಾಕುತ್ತದೆ. ನಿಷೇಧಿತರ ಪಟ್ಟಿ ಫಿಫಾ ಜಾಲತಾಣದಲ್ಲಿಯೇ ಇರುತ್ತದೆ, ನೋಡಲು ಐದು ನಿಮಿಷ ಸಾಕು. ಭಾರತದ ಕ್ಲಬ್‌ಗಳೂ ಇಂಥ ತಡೆಗೆ ಸಿಕ್ಕಿಬಿದ್ದದ್ದುಂಟು.

ನಿಮ್ಮ ದಾಖಲೆ ಸರಿಯಿದೆಯೇ

ಭಾರತದಲ್ಲಿ ನೋಂದಣಿ ನಡೆಯುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಕ್ಲಬ್ ನಿಮ್ಮ ವಿವರ ತುಂಬುತ್ತದೆ, ಸಂಸ್ಥೆ ಅದನ್ನು ಒಪ್ಪಬೇಕು. ಕ್ಲಬ್‌ನವರು ತುಂಬಿದ್ದನ್ನು ಕಣ್ಣಾರೆ ನೋಡದೆ ಬಿಡಬೇಡಿ. ನಮ್ಮ ಕಡೆಯ ಹುಡುಗರಿಗೆ ಮಾಮೂಲಿ ತೊಡಕು ಇನಿಷಿಯಲ್‌ನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕೆ.ಎಂ.' ಎಂದಷ್ಟೇ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿ ಬಿಡಿಸಿರುತ್ತದೆ, ಆಧಾರ್‌ನಲ್ಲಿ ಮೂರನೆಯದೇ ರೂಪ. ಜಿಲ್ಲಾ ಲೀಗಿನಲ್ಲಿ ಆಡುವವರೆಗೆ ಯಾರೂ ಕೇಳುವುದಿಲ್ಲ. ಟ್ರಾನ್ಸ್‌ಫರ್ ವಿಂಡೋದ, ಅಂದರೆ ಹೊಸ ಆಟಗಾರರ ನೋಂದಣಿಗೆ ತೆರೆದಿರುವ ಅವಧಿಯ, ಕೊನೆಯ ದಿನ ಅದೇ ಅಡ್ಡ ಬರುತ್ತದೆ. ಹೆಸರು, ಜನ್ಮದಿನಾಂಕ ಎಲ್ಲವನ್ನೂ ಪಾಸ್‌ಪೋರ್ಟಿಗೆ ಹೊಂದಿಸಿಕೊಳ್ಳಿ, ಅದೂ ವಿಂಡೋ ತೆರೆಯುವ ಮೊದಲೇ, ಬಿಡುವಿರುವಾಗ. ವಯಸ್ಸನ್ನು ಒಂದೆರಡು ವರ್ಷ ಕಡಿಮೆ ಬರೆಸುವ ಹಳೆಯ ಚಾಳಿ ಇದ್ದರೆ ಈಗಲೇ ಬಿಡಿ. ಒಮ್ಮೆ ದಾಖಲಾದ ದಿನಾಂಕ ನಿಮ್ಮ ಜೊತೆಗೇ ಬರುತ್ತದೆ.

ಅಮೆಚೂರ್ (ಹವ್ಯಾಸಿ) ಎಂದೋ ವೃತ್ತಿಪರ ಎಂದೋ ಯಾವುದರಲ್ಲಿ ನೋಂದಣಿಯಾಗಿದೆ ಎಂಬುದನ್ನೂ ನೋಡಿ. ಫಿಫಾ ಪ್ರಕಾರ ಲಿಖಿತ ಕರಾರು ಇದ್ದು, ಆಟಕ್ಕೆ ಆಗುವ ಖರ್ಚಿಗಿಂತ ಹೆಚ್ಚು ಹಣ ಸಿಗುತ್ತಿದ್ದರೆ ನೀವು ವೃತ್ತಿಪರರು. ಒಮ್ಮೆ ವೃತ್ತಿಪರರಾದ ಮೇಲೆ ಅಮೆಚೂರ್ ಆಗಿ ಮರಳಲು ಕೊನೆಯ ಪಂದ್ಯದಿಂದ ಕನಿಷ್ಠ 30 ದಿನ ಕಳೆಯಬೇಕು.

ವಿಂಡೋ ಮತ್ತು ಕ್ಲಬ್‌ಗಳ ಲೆಕ್ಕ

ವರ್ಷಕ್ಕೆ ಎರಡು ವಿಂಡೋ, ಎರಡೂ ಕೂಡಿ 16 ವಾರ ಮೀರುವಂತಿಲ್ಲ. ದಿನಾಂಕವನ್ನು ಆಯಾ ದೇಶದ ಸಂಸ್ಥೆ ನಿಗದಿ ಮಾಡುತ್ತದೆ, ಹಾಗಾಗಿ ಪ್ರತಿ ಸೀಸನ್ನಿಗೂ ಹೊಸದಾಗಿ ನೋಡಬೇಕು. ನಿಮಗೆ ಮುಖ್ಯವಾಗುವುದು ನೀವು ಸೇರುತ್ತಿರುವ ದೇಶದ ವಿಂಡೋ, ಬಿಡುತ್ತಿರುವ ದೇಶದ್ದಲ್ಲ.

ಕರಾರು ಮುಗಿದು ಕೈಖಾಲಿ ಕೂತವರಿಗೆ ವಿನಾಯಿತಿ ಇದೆ, ವಿಂಡೋ ಮುಚ್ಚಿದ ಮೇಲೂ ನೋಂದಾಯಿಸಿಕೊಳ್ಳಬಹುದು. ಆದರೆ ಅವರ ಹಳೆಯ ಕರಾರು ವಿಂಡೋ ಮುಚ್ಚುವ ಮೊದಲೇ ಕೊನೆಗೊಂಡಿರಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಆಗಸ್ಟ್ 31ಕ್ಕೆ ವಿಂಡೋ ಮುಚ್ಚುತ್ತದೆ ಎನ್ನೋಣ. ಕ್ಲಬ್ 'ಪರಸ್ಪರ ಒಪ್ಪಿ ಬೇರೆಯಾಗೋಣ' ಎಂದು ಆಗಸ್ಟ್ ಪೂರ್ತಿ ಎಳೆದು, ಸೆಪ್ಟೆಂಬರ್ 3ರ ದಿನಾಂಕ ಹಾಕಿ ಪತ್ರ ಕೊಟ್ಟರೆ ನಿಮ್ಮ ಜನವರಿವರೆಗಿನ ಆಟ ಮುಗಿದಂತೆ. ಬೇರೆಯಾಗುವುದೇ ಆದರೆ ಪತ್ರದ ದಿನಾಂಕ ವಿಂಡೋದೊಳಗಿರಲಿ. ಆ ಪತ್ರದ ಕೊನೆಯಲ್ಲಿ 'ನನಗೆ ಕ್ಲಬ್‌ನಿಂದ ಯಾವ ಬಾಕಿಯೂ ಇಲ್ಲ' ಎಂಬ ಸಾಲು ಸೇರಿಸುವುದು ರೂಢಿ. ಹಣ ಖಾತೆಗೆ ಬರುವ ಮುನ್ನ ಅದಕ್ಕೆ ಸಹಿ ಹಾಕಬೇಡಿ. ಅವಸರವಿದ್ದರೆ ಬಾಕಿಯ ಮೊತ್ತ, ಕಂತು, ದಿನಾಂಕಗಳನ್ನು ಅದೇ ಪತ್ರದಲ್ಲಿ ಬರೆಸಿ.

ಒಂದು ಸೀಸನ್ನಿನಲ್ಲಿ ಹೆಚ್ಚೆಂದರೆ ಮೂರು ಕ್ಲಬ್‌ಗಳಲ್ಲಿ ನೋಂದಣಿಯಾಗಬಹುದು, ಅಧಿಕೃತ ಪಂದ್ಯ ಆಡಬಹುದಾದದ್ದು ಎರಡಕ್ಕೆ ಮಾತ್ರ. ಸೌಹಾರ್ದ ಪಂದ್ಯ, ಟ್ರಯಲ್ಸ್ ಲೆಕ್ಕಕ್ಕಿಲ್ಲ. ಕೊನೆಯ ಎರಡು ನಿಮಿಷಕ್ಕೆ ಬದಲಿ ಆಟಗಾರನಾಗಿ ಇಳಿದರೂ ಅದು ಆಡಿದಂತೆಯೇ. ಸೀಸನ್ನಿನ ಆರಂಭದಲ್ಲಿ ಹಳೆಯ ಕ್ಲಬ್‌ಗೆ ಒಂದು ಕಪ್ ಪಂದ್ಯ, ನಂತರ ಎರಡನೆಯ ಕ್ಲಬ್‌ಗೆ ಲೋನ್ (ತಾತ್ಕಾಲಿಕ ವರ್ಗಾವಣೆ), ಜನವರಿಯಲ್ಲಿ ಮೂರನೆಯದು: ಮೂರನೆಯ ಕ್ಲಬ್ ನಿಮ್ಮನ್ನು ನೋಂದಾಯಿಸಬಹುದು, ಆಡಿಸುವಂತಿಲ್ಲ. ಸೀಸನ್ ಕಾಲ ಒಂದರ ಮೇಲೊಂದು ಬೀಳುವ ಎರಡು ದೇಶಗಳ ನಡುವೆ ಹೋದವರಿಗಷ್ಟೇ ಮೂರನೆಯ ಕ್ಲಬ್‌ಗೆ ಆಡುವ ಅವಕಾಶ ಸಿಗಬಹುದು.

ಸಸ್ಪೆನ್ಷನ್ ಕೂಡ ಬೆನ್ನು ಬಿಡುವುದಿಲ್ಲ. ಹಳೆಯ ಕ್ಲಬ್‌ನಲ್ಲಿ ಕೆಂಪು ಕಾರ್ಡ್ ಪಡೆದು ಶಿಕ್ಷೆ ಪೂರೈಸದೆ ಬಂದಿದ್ದರೆ ಹೊಸ ಸಂಸ್ಥೆ ಅದನ್ನು ಜಾರಿ ಮಾಡಲೇಬೇಕು. ಮುಚ್ಚಿಟ್ಟು ಆಡಿದರೆ ಕ್ಲಬ್ ಪಾಯಿಂಟ್ ಕಳೆದುಕೊಳ್ಳುತ್ತದೆ, ಡ್ರೆಸಿಂಗ್ ರೂಮಿನಲ್ಲಿ ನಿಮ್ಮ ಮುಖ ನೋಡುವವರು ಇರುವುದಿಲ್ಲ.

ಲೋನ್

ಲೋನ್ ಎಂದರೆ ನಿಮ್ಮ ಮೂಲ ಕರಾರು ಜೀವಂತವಿದ್ದು ತಾತ್ಕಾಲಿಕವಾಗಿ ಮಾತ್ರ ನಿಲ್ಲುತ್ತದೆ. ದೇಶದಿಂದ ದೇಶಕ್ಕೆ ಹೋಗುವ ಲೋನ್‌ಗೆ ಫಿಫಾ ನಿಯಮದಂತೆ ಗರಿಷ್ಠ ಒಂದು ವರ್ಷ, ಕನಿಷ್ಠ ಎರಡು ವಿಂಡೋಗಳ ನಡುವಿನ ಅವಧಿ. ಲೋನ್ ಪಡೆದ ಕ್ಲಬ್ ನಿಮ್ಮನ್ನು ಇನ್ನೊಂದಕ್ಕೆ ಲೋನ್ ಕೊಡುವಂತಿಲ್ಲ. ಒಂದು ಕ್ಲಬ್ ಏಕಕಾಲಕ್ಕೆ ವಿದೇಶಗಳಿಂದ ತರಬಹುದಾದ ಲೋನ್ ಆಟಗಾರರು 2024ರ ಜುಲೈನಿಂದ ಆರು, ಹೊರಗೆ ಕಳಿಸುವುದಕ್ಕೂ ಆರು. 21 ವರ್ಷದೊಳಗಿನ, ಕಳಿಸುವ ಕ್ಲಬ್ಬೇ ತಯಾರು ಮಾಡಿದ ಆಟಗಾರರು ಈ ಲೆಕ್ಕದಿಂದ ಹೊರಗೆ.

ದೇಶದೊಳಗಿನ ದೀರ್ಘ ಲೋನ್ ಎಷ್ಟು ಗೋಜಲಾಗಬಹುದು ಎಂಬುದಕ್ಕೆ ಅನ್ವರ್ ಅಲಿ ಪ್ರಕರಣ ನೋಡಿ. ಡೆಲ್ಲಿ ಎಫ್‌ಸಿಯಿಂದ ಮೋಹನ್ ಬಾಗಾನ್‌ಗೆ ನಾಲ್ಕು ವರ್ಷದ ಲೋನ್ ಮೇಲೆ ಹೋಗಿದ್ದ ಡಿಫೆಂಡರ್, 2024ರಲ್ಲಿ ಅದನ್ನು ಕಡಿದುಕೊಂಡು ಈಸ್ಟ್ ಬೆಂಗಾಲ್ ಸೇರಿದರು. ಸೆಪ್ಟೆಂಬರ್‌ನಲ್ಲಿ ಎಐಎಫ್‌ಎಫ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಅವರಿಗೆ ನಾಲ್ಕು ತಿಂಗಳ ನಿಷೇಧ ಹಾಕಿತು. ಡೆಲ್ಲಿ ಎಫ್‌ಸಿ ಮತ್ತು ಈಸ್ಟ್ ಬೆಂಗಾಲ್ ಜೊತೆ ಸೇರಿ 12.90 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದೂ, ಆ ಎರಡು ಕ್ಲಬ್‌ಗಳು ಎರಡು ವಿಂಡೋ ಹೊಸಬರನ್ನು ನೋಂದಾಯಿಸುವಂತಿಲ್ಲವೆಂದೂ ಹೇಳಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋಗಿ, ಕಮಿಟಿ ಆ ಆದೇಶ ಹಿಂತೆಗೆದುಕೊಂಡು ಮರುವಿಚಾರಣೆಗೆ ಹೊರಟಿತು. ಯಾರು ಸರಿ ಎಂಬುದು ವಕೀಲರ ಚರ್ಚೆ. ಆಟಗಾರನಿಗೆ ಪಾಠ ಸರಳ: ಲೋನ್ ಪತ್ರದಲ್ಲಿ ಅವಧಿ, ಖಾಯಂ ಖರೀದಿಯ ಷರತ್ತು, ಯಾರು ಯಾವಾಗ ಮುರಿಯಬಹುದು, ಸಂಬಳ ಯಾವ ಕ್ಲಬ್ ಎಷ್ಟು ಕೊಡುತ್ತದೆ ಎಂಬ ನಾಲ್ಕೂ ಬರಹದಲ್ಲಿಲ್ಲದಿದ್ದರೆ ಬ್ಯಾಗ್ ಕಟ್ಟಬೇಡಿ.

ಸಂಬಳ ಬರದಿದ್ದರೆ

ಅತಿ ಹೆಚ್ಚು ಬಳಕೆಯಾಗುವ, ಅಷ್ಟೇ ಹೆಚ್ಚು ಹಾಳುಗೆಡವುವ ನಿಯಮ ಇದು. ಕ್ಲಬ್ ಕನಿಷ್ಠ ಎರಡು ತಿಂಗಳ ಸಂಬಳ ಕೊಡದಿದ್ದರೆ ಆಟಗಾರ ಕರಾರು ಮುರಿಯಬಹುದು, ಅದು ನ್ಯಾಯಯುತ ಕಾರಣ. ಆದರೆ ಮೊದಲು ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನದ ಗಡುವು ಕೊಡಲೇಬೇಕು.

ಕರಾರಿನಂತೆ ಪ್ರತಿ ತಿಂಗಳ 7ಕ್ಕೆ ಸಂಬಳ ಬರಬೇಕು ಎಂದುಕೊಳ್ಳಿ. ನವೆಂಬರ್ 7ರದೂ ಡಿಸೆಂಬರ್ 7ರದೂ ಬಂದಿಲ್ಲ. ಡಿಸೆಂಬರ್ 8ರಂದು ಕ್ಲಬ್‌ನ ಅಧಿಕೃತ ಇಮೇಲ್‌ಗೆ ನೋಟಿಸ್ ಕಳಿಸಿ: ಯಾವ ತಿಂಗಳದು, ಎಷ್ಟು ರೂಪಾಯಿ, ಯಾವ ಖಾತೆಗೆ, ಡಿಸೆಂಬರ್ 23ರೊಳಗೆ ಕೊಡದಿದ್ದರೆ ಕರಾರು ಕೊನೆಗೊಳಿಸುತ್ತೇನೆ. ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಗಡುವು ಪೂರ್ತಿ ಕಳೆದು ಹಣ ಬಾರದಿದ್ದರೆ 24ಕ್ಕೆ ಎರಡನೆಯ ಪತ್ರ, ಕರಾರು ಮುಗಿಸಿದ ಪತ್ರ.

ಕೆಡುವುದು ಹೀಗೆ. ಮ್ಯಾನೇಜರಿಗೆ ವಾಟ್ಸ್ಯಾಪಿನಲ್ಲಿ 'ಸರ್, ಸ್ಯಾಲರಿ ಯಾವಾಗ' ಎಂದು ಕೇಳಿದ್ದನ್ನೇ ನೋಟಿಸ್ ಎಂದುಕೊಳ್ಳುತ್ತಾರೆ. ಹತ್ತು ದಿನದ ಗಡುವು ಕೊಡುತ್ತಾರೆ. ಗಡುವಿನ ನಡುವೆ ಕ್ಲಬ್ ಅರ್ಧ ಹಣ ಹಾಕಿ ಬಾಕಿಯನ್ನು ಎರಡು ತಿಂಗಳಿಗಿಂತ ಕೆಳಗಿಳಿಸಿದ್ದನ್ನು ಗಮನಿಸದೆ ಮುರಿಯುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಸಿಟ್ಟಿನಿಂದ ತರಬೇತಿಗೆ ಹೋಗುವುದನ್ನೇ ನಿಲ್ಲಿಸಿ ಊರಿಗೆ ಬರುವುದು. ಆಗ ಕರಾರು ಮುರಿದವರು ನೀವಾಗುತ್ತೀರಿ. ಎರಡನೆಯ ಪತ್ರ ಹೋಗುವ ದಿನದವರೆಗೆ ದಿನಾ ತರಬೇತಿಗೆ ಹೋಗಿ, ಹಾಜರಿಗೆ ಪುರಾವೆ ಇಟ್ಟುಕೊಳ್ಳಿ. ಹೊಸ ಕ್ಲಬ್ ಹುಡುಕುವಾಗ ಅದರ ಟೂರ್ನಿಯ ಪಟ್ಟಿ ಇನ್ನೂ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಕರಾರಿನಿಂದ ಬಿಡುಗಡೆ ಸಿಕ್ಕರೂ ಆ ಬೀಗ ತೆರೆಯುವುದಿಲ್ಲ.

ನೀವೇ ಬಿಟ್ಟು ಹೋಗುವುದಾದರೆ

ಕಾರಣವಿಲ್ಲದೆ ಕರಾರು ಮುರಿದರೆ ಪರಿಹಾರ ಕಟ್ಟಬೇಕು. 'ಸಂರಕ್ಷಿತ ಅವಧಿ'ಯೊಳಗೆ ಮುರಿದರೆ ಜೊತೆಗೆ ಸಾಮಾನ್ಯವಾಗಿ ನಾಲ್ಕು ತಿಂಗಳ ನಿಷೇಧವೂ ಉಂಟು. 28 ತುಂಬುವ ಮೊದಲು ಸಹಿ ಹಾಕಿದ ಕರಾರಿಗೆ ಈ ಅವಧಿ ಮೂರು ವರ್ಷ, ನಂತರದ್ದಕ್ಕೆ ಎರಡು. ಕರಾರು ನವೀಕರಿಸಿದರೆ ಎಣಿಕೆ ಮತ್ತೆ ಮೊದಲಿಂದ, ನವೀಕರಣದ ಸಂಭ್ರಮದಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ. ರಷ್ಯಾದ ಲೋಕೊಮೊಟಿವ್ ಮಾಸ್ಕೋ ಕ್ಲಬ್ ಜೊತೆಗಿನ ಜಗಳದಲ್ಲಿ ಫ್ರಾನ್ಸಿನ ಆಟಗಾರ ಲಸ್ಸಾನಾ ಡಿಯಾರಾ ಅವರಿಗೆ 1.05 ಕೋಟಿ ಯೂರೋ ಕಟ್ಟುವಂತೆ ಆದೇಶವಾಗಿತ್ತು. 2024ರ ಅಕ್ಟೋಬರ್ 4ರಂದು ಯುರೋಪಿಯನ್ ನ್ಯಾಯಾಲಯ ಆ ನಿಯಮಗಳಲ್ಲಿ ಕೆಲವು ಯುರೋಪಿಯನ್ ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು. ಅದಾದ ಮೇಲೆ ಫಿಫಾ ಪರಿಹಾರದ ಲೆಕ್ಕವನ್ನೂ ಹೊಸ ಕ್ಲಬ್‌ನ ಹೊಣೆಯನ್ನೂ ಸಡಿಲಿಸಿದೆ. ಹಾಗೆಂದು ಕರಾರು ಮುರಿಯುವುದು ಪುಕ್ಕಟೆಯಾಗಿಲ್ಲ.

ಕರಾರು ಮುಗಿಯಲು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಬೇರೆ ಕ್ಲಬ್ ಜೊತೆ ಮುಂದಿನ ಕರಾರಿಗೆ ಸಹಿ ಹಾಕಬಹುದು. ಹಳೆಯ ಕ್ಲಬ್‌ನ ಅಪ್ಪಣೆ ಬೇಡ. ಅದಕ್ಕೂ ಮುಂಚೆಯೇ ಮಾತುಕತೆ ನಡೆಸಬೇಕೆಂದರೆ ಹೊಸ ಕ್ಲಬ್ ಹಳೆಯದಕ್ಕೆ ಲಿಖಿತವಾಗಿ ತಿಳಿಸಬೇಕು. ಒಂದೇ ಅವಧಿಗೆ ಎರಡು ಕ್ಲಬ್‌ಗಳಿಗೆ ಸಹಿ ಹಾಕಿದರೆ ಒಂದನ್ನು ಮುರಿದಂತೆಯೇ. ಕರಾರು ಮುಗಿದ ಆಟಗಾರನಿಗೆ ಎನ್‌ಒಸಿ ಕೊಡುವುದಿಲ್ಲ ಎಂದು ಹೆದರಿಸುವ ಕ್ಲಬ್ ಅಧಿಕಾರಿಗಳು ಈಗಲೂ ಇದ್ದಾರೆ. ಮುಗಿದ ಕರಾರಿನ ಮೇಲೆ ಅವರಿಗೆ ಯಾವ ಹಿಡಿತವೂ ಇಲ್ಲ.

ಸೀಸನ್ನಿನಲ್ಲಿ ಕ್ಲಬ್ ಆಡಿದ ಅಧಿಕೃತ ಪಂದ್ಯಗಳಲ್ಲಿ ಶೇ 10ಕ್ಕಿಂತ ಕಡಿಮೆ ಪಂದ್ಯಗಳಲ್ಲಿ ಇಳಿದಿದ್ದರೆ, ನೆಲೆಗೊಂಡ, ಅಂದರೆ ತರಬೇತಿಯ ಅವಧಿ ಮುಗಿಸಿದ ಆಟಗಾರರು 'ಕ್ರೀಡಾ ಕಾರಣ'ದ ಮೇಲೆ ಕ್ಲಬ್ ಬಿಡಬಹುದು. ಕೊನೆಯ ಪಂದ್ಯದ 15 ದಿನದೊಳಗೆ ತಿಳಿಸಬೇಕು. ನಿಷೇಧ ಬೀಳದು, ಪರಿಹಾರ ಕಟ್ಟಬೇಕಾಗಬಹುದು.

ವಿದೇಶಕ್ಕೆ ಹೋಗುವಾಗ

ಬೇರೆ ದೇಶದ ಕ್ಲಬ್ ಆದರೆ ಅಂತಾರಾಷ್ಟ್ರೀಯ ಟ್ರಾನ್ಸ್‌ಫರ್ ಪ್ರಮಾಣಪತ್ರ, ಅಂದರೆ ಐಟಿಸಿ ಬೇಕು. ಹೊಸ ಸಂಸ್ಥೆ ಟಿಎಂಎಸ್ ಎಂಬ ಫಿಫಾದ ಆನ್‌ಲೈನ್ ಟ್ರಾನ್ಸ್‌ಫರ್ ವ್ಯವಸ್ಥೆಯ ಮೂಲಕ ಕೇಳುತ್ತದೆ, ಹಳೆಯ ಸಂಸ್ಥೆ 72 ಗಂಟೆಯೊಳಗೆ ಕೊಡಬೇಕು. ಕ್ಲಬ್‌ನೊಂದಿಗೆ ಕರಾರಿನ ತಕರಾರಿದೆ ಎಂಬ ನೆಪದಲ್ಲಿ ತಡೆಹಿಡಿಯುವ ಕಾಲ ಡಿಯಾರಾ ತೀರ್ಪಿನೊಂದಿಗೆ ಹೋಯಿತು.

ಐಟಿಸಿ ಬಂದರೂ ಆ ದೇಶದ ಕೆಲಸದ ಪರವಾನಗಿ ಬೇರೆಯೇ. 2009ರಲ್ಲಿ ಸುನಿಲ್ ಚೆಟ್ರಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ಗೆ ಸಹಿ ಹಾಕಿದ್ದರು. ಭಾರತ ಫಿಫಾ ಶ್ರೇಯಾಂಕದ ಮೊದಲ 70ರಲ್ಲಿ ಇಲ್ಲ ಎಂಬ ಕಾರಣಕ್ಕೆ ಬ್ರಿಟನ್ ಪರವಾನಗಿ ಕೊಡಲಿಲ್ಲ, ಅಲ್ಲಿಗೆ ಅದು ಮುಗಿಯಿತು. ಫಿಫಾ ನಿಯಮದಂತೆ ಕರಾರಿನ ಸಿಂಧುತ್ವವನ್ನು ವೈದ್ಯಕೀಯ ಪರೀಕ್ಷೆಗಾಗಲೀ ಪರವಾನಗಿಗಾಗಲೀ ಕಟ್ಟಿಹಾಕುವಂತಿಲ್ಲ. ಆದ್ದರಿಂದ ಜಾಣ ಕ್ಲಬ್‌ಗಳು ಇವೆರಡನ್ನೂ ಸಹಿಗೆ ಮುಂಚೆ ಮುಗಿಸುತ್ತವೆ. ನೀವೂ ಹಾಗೇ ಮಾಡಿ. ಪರವಾನಗಿ ಖಾತ್ರಿಯಾಗದೆ ಇಲ್ಲಿನ ಕರಾರು ಬಿಡಬೇಡಿ.

18 ತುಂಬದವರನ್ನು ವಿದೇಶೀ ಕ್ಲಬ್‌ಗೆ ಸೇರಿಸುತ್ತೇವೆ ಎಂದು ಹಣ ಕೇಳುವವರಿಂದ ದೂರವಿರಿ. ಭಾರತದ ಹುಡುಗನಿಗೆ ತೆರೆದಿರುವ ಮುಖ್ಯ ವಿನಾಯಿತಿ ಒಂದೇ, ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ವಲಸೆ ಹೋಗಿರುವುದು. ಏಜೆಂಟರಿಗೆ ಫಿಫಾ ಪರವಾನಗಿ ಇರಬೇಕು. ಅವರೊಂದಿಗಿನ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ, ತಾನಾಗಿ ಮುಂದುವರಿಯುವಂತೆಯೂ ಇಲ್ಲ.

ನಿಮ್ಮನ್ನು ಬೆಳೆಸಿದ ಚಿಕ್ಕ ಕ್ಲಬ್‌ಗೂ ಇದರಲ್ಲಿ ಪಾಲಿದೆ. ಕರಾರಿನ ನಡುವೆ ವಿದೇಶೀ ಕ್ಲಬ್ ಹಣ ಕೊಟ್ಟು ಕೊಂಡರೆ ಆ ಮೊತ್ತದ ಶೇ 5, ಆಟಗಾರನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, ಮುಂದೆ ವರ್ಷಕ್ಕೆ ಶೇ 0.5. ಒಂದು ಕೋಟಿಯ ಟ್ರಾನ್ಸ್‌ಫರ್ ಆದರೆ, 12ರಿಂದ 15ರವರೆಗಿನ ನಾಲ್ಕು ವರ್ಷ ಕಲಿಸಿದ ಕ್ಲಬ್‌ಗೆ ಒಂದು ಲಕ್ಷ. ಬೆಂಗಳೂರಿನ ಗಲ್ಲಿ ಕ್ಲಬ್‌ಗಳು ಇದನ್ನು ಕಳೆದುಕೊಳ್ಳುವುದು ಒಂದೇ ಕಾರಣಕ್ಕೆ: ಆ ವರ್ಷಗಳಲ್ಲಿ ಹುಡುಗನನ್ನು ನೋಂದಾಯಿಸಿರುವುದಿಲ್ಲ. ದಾಖಲೆಯಲ್ಲಿ ಇಲ್ಲದ ವರ್ಷಕ್ಕೆ ದುಡ್ಡಿಲ್ಲ.

ಅಂತಾರಾಷ್ಟ್ರೀಯ ತಕರಾರಿಗೆ ಫಿಫಾದ ಫುಟ್‌ಬಾಲ್ ಟ್ರಿಬ್ಯೂನಲ್ ಇದೆ, ದೇಶದೊಳಗಿನದಕ್ಕೆ ಎಐಎಫ್‌ಎಫ್‌ನ ಕಮಿಟಿ. ಫಿಫಾಗೆ ದೂರು ಕೊಡಲು ಘಟನೆಯಿಂದ ಎರಡು ವರ್ಷ ಸಮಯ, ಅದರ ತೀರ್ಪಿನ ಮೇಲೆ ಲೌಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಗಲು 21 ದಿನ. ಕರಾರಿನ ಸಹಿ ಮಾಡಿದ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸ್ ಹೋದ ಇಮೇಲ್ ಈ ಮೂರೂ ಕೈಯಲ್ಲಿರಲಿ. ಕರಾರಿನ ಪ್ರತಿಯನ್ನೇ ಆಟಗಾರನಿಗೆ ಕೊಡದ ಕ್ಲಬ್‌ಗಳಿವೆ. ಸಹಿಯಾದ ಕೂಡಲೇ, ಅದೇ ಮೇಜಿನ ಬಳಿ, ಎಲ್ಲ ಪುಟಗಳ ಫೋಟೋ ತೆಗೆದುಕೊಳ್ಳಿ.