ಕಾವಿನ ಖಾತೆ ಬೇರೆ, ಹ್ಯಾಂಗಿನ ಖಾತೆ ಬೇರೆ

ಏಪ್ರಿಲ್ 11ರ ಮಧ್ಯಾಹ್ನ 4:17. ಮಂಡಿಪೇಟೆಯ ವರ್ತಕರೊಬ್ಬರ ಜಿಎಸ್‌ಟಿಆರ್-1 (ತಿಂಗಳ ಮಾರಾಟದ ವಿವರ) ತುಂಬುತ್ತಾ ಕೂತಿದ್ದೆ, ಅದಕ್ಕೆ ಅಂದೇ ಕೊನೆಯ ದಿನ. ಕರ್ಸರ್ ಪರದೆಯ ನಡುವೆ ಗಕ್ಕನೆ ನಿಂತಿತು. ಮೌಸ್ ಎಳೆದೆ, ಅಲುಗಲಿಲ್ಲ. ಕೀಲಿ ಒತ್ತಿದೆ, ಉಸಿರಿಲ್ಲ. ಫ್ಯಾನ್ ಮಾತ್ರ ಬುಸುಗುಡುತ್ತಿತ್ತು. ಕೀಬೋರ್ಡಿನ ಮೇಲಂಚಿಗೆ ಬೆರಳು ತಾಗಿಸಿದರೆ ಕಾವಲಿಯ ಅಂಚು ಮುಟ್ಟಿದ ಹಾಗಿತ್ತು. ಆ ಲ್ಯಾಪ್‌ಟಾಪ್ ಕೊಂಡು ಹತ್ತೊಂಬತ್ತು ದಿನವಾಗಿತ್ತಷ್ಟೆ.

ನಾನು ಹದಿನಾಲ್ಕು ವರ್ಷದಿಂದ ದಾವಣಗೆರೆಯ ಸಣ್ಣ ಅಂಗಡಿ, ಮಂಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಹಳೆಯ ಲ್ಯಾಪ್‌ಟಾಪ್ ಎಂಟು ವರ್ಷ ದುಡಿದು ಸೋತಿತ್ತು. ವರ್ಷಾಂತ್ಯದ ಕೆಲಸ ಮೈಮೇಲೆ ಬೀಳುವ ಮೊದಲೇ ಇರಲಿ ಎಂದು ಮಾರ್ಚ್ 23ಕ್ಕೆ ಹೊಸದು ತಂದೆ. 8 ಜಿಬಿ ರ‍್ಯಾಮ್ ಇದ್ದ ಮಾಡೆಲ್; ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಯಂತ್ರ ಅಂಕಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. "ಟ್ಯಾಲಿ, ಎಕ್ಸೆಲ್, ಬ್ರೌಸರ್ ಮೂರೂ ಒಟ್ಟಿಗೆ ತೆಗೀತೀರಲ್ಲ ಮೇಡಂ, ಇನ್ನೊಂದು 8 ಜಿಬಿ ಹಾಕಿಸ್ಕೊಂಡುಬಿಡ್ರಿ" ಎಂದರು ಅಂಗಡಿಯವರು. ಹಾಕಿಸಿಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ, ನಾನು ಮರೆತಿದ್ದೆ.

ಯಂತ್ರ ಕಾದಿದೆ, ನಿಂತಿದೆ; ಕಾದದ್ದರಿಂದಲೇ ನಿಂತಿದೆ ಎಂದು ನಾನೂ ಅಂದುಕೊಂಡೆ, ಕಂಡವರೆಲ್ಲ ಅದನ್ನೇ ಹೇಳಿದರು. ಮರುದಿನ ಅಂಗಡಿಯ ಹುಡುಗ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಸಂಜೆಗೆ ಮತ್ತೆ ಅದೇ ಕಥೆ. "ಬ್ಯಾಸಿಗಿ ಅಲ್ರೀ ಮೇಡಂ, ಕೂಲಿಂಗ್ ಪ್ಯಾಡ್ ತಗೊಳ್ರಿ" ಎಂದ. ತಗೊಂಡೆ, 900 ರೂಪಾಯಿ ಹೋಯಿತು. ಹ್ಯಾಂಗ್ ಆಗುವುದು ನಿಲ್ಲಲಿಲ್ಲ.

ಏಪ್ರಿಲ್ 14 ರಜೆ. ಅವತ್ತು ಕೂತು ಯೋಚಿಸಿದೆ. ಯಾವುದೋ ಅಂಗಡಿಯ ಲೆಕ್ಕ ತಾಳೆಯಾಗದಿದ್ದರೆ ನಾನು ಏನು ಮಾಡುತ್ತೇನೆ? ಊಹೆಯಿಂದ ಒಂದು ಮೊತ್ತ ಬರೆದು ಸರಿದೂಗಿಸುವುದಿಲ್ಲ. ಕಿರ್ದಿ ತೆಗೆದು ಒಂದೊಂದೇ ನಮೂದು ನೋಡುತ್ತೇನೆ. ಇದಕ್ಕೂ ಒಂದು ಕಿರ್ದಿ ಇಡೋಣ ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಹೊತ್ತು, ಮಾಡುತ್ತಿದ್ದ ಕೆಲಸ, ಪ್ರೊಸೆಸರಿನ ಕಾವು, ಕೋಣೆಯ ಕಾವು, ಚಾರ್ಜರ್ ಇತ್ತೋ ಇಲ್ಲವೋ, ಕ್ಯಾಪ್ಸ್ ಲಾಕ್ ದೀಪ.

ಕೊನೆಯ ಕಾಲಂ ಹೇಳಿಕೊಟ್ಟವನು ನಮ್ಮ ಓಣಿಯ ಇಂಜಿನಿಯರಿಂಗ್ ಓದುವ ಹುಡುಗ. "ಅಕ್ಕ, ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡ್ರಿ. ದೀಪ ಹತ್ತಿ ಆರಿದ್ರೆ ಒಳಗೆ ಜೀವ ಐತೆ ಅಂತ. ಹತ್ತಲೇ ಇಲ್ಲ ಅಂದ್ರೆ ಪೂರ್ತಿ ನಿಂತೈತೆ." ದೀಪ ಹತ್ತಿದರೆ ವಿಂಡೋಸ್ ಕೀಲಿಯ ಜೊತೆ ಕಂಟ್ರೋಲ್, ಶಿಫ್ಟ್, ಬಿ ಒತ್ತಬೇಕು, ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗಿ ಪರದೆ ಒಮ್ಮೆ ಮಿನುಗುತ್ತದೆ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದಂತೆ. ನನ್ನದರಲ್ಲಿ ದೀಪ ಹತ್ತುತ್ತಿರಲಿಲ್ಲ.

ಕಾವು ಅಳೆಯಲು ಹೆಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಅದರ ಕಿಟಕಿಯನ್ನು ಪರದೆಯ ಬಲಮೂಲೆಯಲ್ಲಿ ಸದಾ ತೆರೆದಿಟ್ಟೆ. ಯಂತ್ರ ಪೂರ್ತಿ ನಿಂತಾಗ ಪರದೆಯ ಮೇಲಿನ ಎಲ್ಲವೂ ಹಾಗೇ ಉಳಿಯುತ್ತದಲ್ಲ. ಕೆಳಗಿನ ಗಡಿಯಾರ ನಿಂತ ಹೊತ್ತು ಹೇಳುತ್ತದೆ, ಮೂಲೆಯ ಕಿಟಕಿ ಆ ಕ್ಷಣದ ಕಾವು ಹೇಳುತ್ತದೆ. ಫೋನಿನಲ್ಲಿ ಒಂದು ಫೋಟೊ ತೆಗೆದರೆ ಸಾಕ್ಷಿ ಸಿಕ್ಕಂತೆ. ಕೋಣೆಯ ಗೋಡೆಗೆ ಒಂದು ಉಷ್ಣಮಾಪಕ ತೂಗುಹಾಕಿದೆ.

ಆರು ದಿನಕ್ಕೆ ಒಂಬತ್ತು ನಮೂದು ಬಿದ್ದವು. 19ನೆಯ ತಾರೀಖು ಬೆಳಿಗ್ಗೆ ಅವನ್ನು ಸಾಲಾಗಿ ಓದಿದಾಗ ಎದೆ ಝಲ್ಲೆಂದಿತು. ಒಂಬತ್ತರಲ್ಲಿ ಆರು ಸಲ ಯಂತ್ರ ನಿಂತಾಗ ಪ್ರೊಸೆಸರಿನ ಕಾವು 52ರಿಂದ 61 ಡಿಗ್ರಿ. ಒಂದು ನಮೂದಂತೂ ಬೆಳಗಿನ 6:05ರದ್ದು, ಕೋಣೆ 26 ಡಿಗ್ರಿ, ತೆರೆದಿದ್ದದ್ದು ಎಕ್ಸೆಲ್ ಒಂದೇ. ಅತ್ತ, ಮಧ್ಯಾಹ್ನ 97 ಡಿಗ್ರಿ ಮುಟ್ಟಿದಾಗಲೂ ಯಂತ್ರ ಒಂದು ಗಂಟೆ ಕೆಲಸ ಮಾಡಿದ್ದಿದೆ. ನಿಧಾನವಾಗಿತ್ತು, ಆದರೆ ನಿಂತಿರಲಿಲ್ಲ.

ಇದರ ಹಿಂದಿನ ಕಾರಣ ಆಮೇಲೆ ತಿಳಿಯಿತು. ಈಗಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿಯ ಹತ್ತಿರ ಬಂದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ತಾನೇ ಆಫ್ ಆಗುತ್ತದೆ. ಅಂದರೆ ಕಾವು ಹೆಚ್ಚಾದರೆ ಸಾಮಾನ್ಯವಾಗಿ ಕಾಣುವುದು ಎಳೆದಾಟ, ಇಲ್ಲವೇ ದಿಢೀರನೆ ಕತ್ತಲೆ. ಪರದೆ ಹತ್ತಿಕೊಂಡೇ ಇದ್ದು, ಗಡಿಯಾರ ನಿಂತು, ಕ್ಯಾಪ್ಸ್ ಲಾಕ್ ಸತ್ತಿದ್ದರೆ ಮೊದಲು ಬೇರೆ ಕಡೆ ಹುಡುಕಬೇಕು. ನಾನು ಎರಡು ಸಾಲವನ್ನು ಒಬ್ಬನದೇ ಖಾತೆಗೆ ಬರೆದಿದ್ದೆ. ಖತಾವಣಿಯಲ್ಲಿ ಎರಡು ಪುಟ ಬೇರೆ ಮಾಡಿದೆ.

ಮೊದಲು ಹ್ಯಾಂಗಿನ ಖಾತೆ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ 'ಕರ್ನಲ್ ಪವರ್ 41' ಎಂಬ ಕೆಂಪು ನಮೂದು ಕಂಡು ಗಾಬರಿಯಾಗಿದ್ದೆ. ಅದು ಹೇಳುವುದು ಇಷ್ಟೇ, ಯಂತ್ರ ಕ್ರಮವಾಗಿ ಆಫ್ ಆಗಲಿಲ್ಲ ಎಂದು. ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡಿದವಳು ನಾನೇ, ಹಾಗಾಗಿ ಅದರಿಂದ ಕಾರಣ ಸಿಗುವುದಿಲ್ಲ. ಎಸ್‌ಎಸ್‌ಡಿ (ಕಡತಗಳು ಉಳಿಯುವ ಡಿಸ್ಕ್) ಹೇಗಿದೆ ಎಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದೆ, ಚೆನ್ನಾಗಿತ್ತು. ಉಳಿದದ್ದು ರ‍್ಯಾಮ್. ವಿಂಡೋಸಿನ ಜೊತೆಗೇ ಬರುವ ಮೆಮೊರಿ ಪರೀಕ್ಷೆ ದೋಷವಿಲ್ಲ ಎಂದಿತು. ಓಣಿಯ ಹುಡುಗ ಅಷ್ಟಕ್ಕೆ ಬಿಡಲಿಲ್ಲ, ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86 ಹಾಕಿ ತಂದುಕೊಟ್ಟ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಕೇಳಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ (ಕೀ ಇಲ್ಲದೆ ತೆರೆಯದಂತೆ ಬೀಗ) ಆಗಿರುವುದು ಸಾಮಾನ್ಯ. ಪೆನ್‌ಡ್ರೈವಿನಿಂದ ಯಂತ್ರ ಶುರುಮಾಡಲೆಂದು ಬಯೋಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ ಮೂಲ ಸೆಟ್ಟಿಂಗ್) ಏನಾದರೂ ಬದಲಿಸಿದರೆ ಮುಂದಿನ ಸಲ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ನೋಡಿ ಕಾಗದದಲ್ಲಿ ಬರೆದಿಡಿ. ಗಿರಾಕಿಗಳ ಲೆಕ್ಕವೆಲ್ಲ ಒಳಗೆ ಸಿಕ್ಕಿಕೊಂಡರೆ ಆ ಸಂಕಟ ಹೇಳತೀರದು. ಬ್ಯಾಕಪ್ ಅಂತೂ ಎಲ್ಲಕ್ಕಿಂತ ಮೊದಲು.

19ರ ರಾತ್ರಿ ಹತ್ತಕ್ಕೆ ಪರೀಕ್ಷೆಗೆ ಬಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ. ಹನ್ನೆರಡೂವರೆಗೆ ಎದ್ದು ಮಹಡಿ ಹತ್ತಿದೆ. ಕತ್ತಲೆ ಕೋಣೆಯಲ್ಲಿ ಪರದೆಯೊಂದೇ ಬೆಳಗುತ್ತಿತ್ತು. ಮೊದಲ ಸುತ್ತು ಶುದ್ಧವಾಗಿ ದಾಟಿತ್ತು. ಎರಡನೆಯ ಸುತ್ತಿನಲ್ಲಿ ದೋಷಗಳ ಎಣಿಕೆ ಸೊನ್ನೆ ಇದ್ದ ಕಡೆ 4 ಎಂದಿತ್ತು. ನೋಡನೋಡುತ್ತಲೇ 7 ಆಯಿತು. ರ‍್ಯಾಮಿನ ಪರೀಕ್ಷೆಯಲ್ಲಿ ನಡೆಯುವುದು ಸೊನ್ನೆ ಒಂದೇ. ಅದು ಬರೆದಿಟ್ಟ ಅಂಕಿಯನ್ನು ಓದುವಾಗ ಬೇರೆಯಾಗಿ ಓದುತ್ತಿದೆ ಎಂದರೆ, ಲೆಕ್ಕದವಳಿಗೆ ಅದಕ್ಕಿಂತ ಭಯ ಹುಟ್ಟಿಸುವ ಮಾತು ಇನ್ನೊಂದಿಲ್ಲ. ಫೋಟೊ ತೆಗೆದೆ. ಆಗ ನೆನಪಾಯಿತು, ಅಂಗಡಿಯಲ್ಲಿ ಹಾಕಿಸಿಕೊಂಡ ಆ ಇನ್ನೊಂದು 8 ಜಿಬಿ.

20ನೆಯ ತಾರೀಖು ತೆರಿಗೆ ಕಟ್ಟುವ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿಗೆ ಕೊನೆಯ ದಿನ, ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಮೇಲೆ ಬಡ್ಡಿ. ಆ ಯಂತ್ರವನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಒಬ್ಬ ಸಾವ್ಕಾರ್ರ ಮಂಡಿಯ ಕಂಪ್ಯೂಟರಿನಲ್ಲೇ ಕೂತು ಎಲ್ಲರದ್ದೂ ಮುಗಿಸಿದೆ. 21ಕ್ಕೆ ಅಂಗಡಿಗೆ ಹೋದೆ. ಮೊದಲು ಅದೇ ರಾಗ, "ಬಿಸಿಲಿಗೆ ಹಂಗಾಗ್ತೈತೆ ಮೇಡಂ." ನಾನು ವಾದಿಸಲಿಲ್ಲ. ನೋಟ್‌ಬುಕ್ ತೆರೆದು 6:05ರ ನಮೂದು ತೋರಿಸಿದೆ, ಫೋಟೊ ತೋರಿಸಿದೆ. ಮಾಲೀಕರು ಕನ್ನಡಕ ಹಾಕಿಕೊಂಡು ಒಂಬತ್ತೂ ನಮೂದು ಓದಿದರು. ಆಮೇಲೆ ಮಾತಿನ ಧಾಟಿಯೇ ಬೇರೆ. ಹುಡುಗನನ್ನು ಕರೆದು ಅವರು ಹಾಕಿದ್ದ ರ‍್ಯಾಮ್ ಪಟ್ಟಿಯನ್ನು ನನ್ನ ಕಣ್ಣೆದುರೇ ಬಿಚ್ಚಿಸಿದರು. ಕಂಪನಿಯಿಂದ ಬಂದ 8 ಜಿಬಿ ಮಾತ್ರ ಇಟ್ಟು ಪರೀಕ್ಷೆ ಓಡಿಸಿದಾಗ ನಾಲ್ಕೂ ಸುತ್ತು ಶುದ್ಧ. ಬಿಚ್ಚಿದ ಪಟ್ಟಿಗೆ ಅದರದ್ದೇ ವಾರಂಟಿ ಇತ್ತು. ಹನ್ನೊಂದು ದಿನಕ್ಕೆ ಬದಲಿ ಬಂತು. ಅದನ್ನೂ ಒಂದು ರಾತ್ರಿ ಪರೀಕ್ಷೆಗೆ ಹಾಕಿಯೇ ಒಪ್ಪಿಕೊಂಡೆ.

ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದೆಂದು ನಿರ್ಧರಿಸಿಯೇ ಹೋಗಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ರಸೀದಿಯಲ್ಲಿ ರ‍್ಯಾಮನ್ನು ಬೇರೆ ಸಾಲಿನಲ್ಲಿ, ಅದರ ಸೀರಿಯಲ್ ಸಂಖ್ಯೆ ಸಮೇತ ಬರೆಸಿಕೊಂಡಿದ್ದು ನನ್ನ ವೃತ್ತಿಯ ಅಭ್ಯಾಸ. ಅದೇ ಕೈ ಹಿಡಿಯಿತು. ಇನ್ನು, ನಾನೇ ತಿರುಪು ಬಿಚ್ಚಿದ್ದಿದ್ದರೆ ಹಾಳಾದದ್ದು ನನ್ನ ಕೈಯಿಂದಲೇ ಎನ್ನಲು ದಾರಿಯಾಗುತ್ತಿತ್ತು. ಹೊಸ ಯಂತ್ರವನ್ನು ವಾರಂಟಿ ಒಳಗೆ ಬಿಚ್ಚಬೇಡಿ.

ಕಾವಿನ ಖಾತೆಯಲ್ಲಿ ತಪ್ಪು ಹೆಚ್ಚಾಗಿ ನಮ್ಮ ಮನೆಯದೇ. ನನ್ನ ಕೆಲಸದ ಕೋಣೆ ಮಹಡಿಯ ಮೇಲೆ, ಸೂರು ಸಿಮೆಂಟ್ ಶೀಟಿನದು. ಏಪ್ರಿಲ್ ಮಧ್ಯಾಹ್ನ ಗೋಡೆಯ ಉಷ್ಣಮಾಪಕ 39 ತೋರಿಸುತ್ತಿತ್ತು. ಲ್ಯಾಪ್‌ಟಾಪಿನ ಕೈಪಿಡಿ ತೆಗೆದು ನೋಡಿದರೆ ಬಳಸಬೇಕಾದ ವಾತಾವರಣ 35 ಡಿಗ್ರಿವರೆಗೆ ಎಂದು ಬರೆದಿತ್ತು. ಫ್ಯಾನ್ ಎಷ್ಟೇ ತಿರುಗಿದರೂ ಒಳಗೆಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ತಾನೆ. ಅದರ ಮೇಲೆ, ನಾನು ಮಂಚದ ಮೇಲೆ ಕೌದಿ ಹಾಸಿ ಅದರ ಮೇಲೆ ಯಂತ್ರ ಇಟ್ಟುಕೊಳ್ಳುತ್ತಿದ್ದೆ. ಗಾಳಿ ಎಳೆಯುವ ಸೀಳುಗಳು ಇರುವುದು ಅಡಿಯಲ್ಲಿ. ಮೂಗು ಮುಚ್ಚಿ ಓಡು ಎಂದ ಹಾಗೆ.

ಬಡಗಿಯ ಹತ್ತಿರ ಎರಡು ರೀಪಿನ ತುಂಡು ತಂದು ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿದೆ. ಬರೀ ಅಷ್ಟಕ್ಕೇ 6 ಡಿಗ್ರಿ ಇಳಿಯಿತು. 900 ರೂಪಾಯಿಯ ಪ್ಯಾಡ್ ಇಳಿಸಿದ್ದು 3. ಹೆಚ್ಚು ಇಳಿದದ್ದು ಮಾತ್ರ ಟಾಸ್ಕ್ ಮ್ಯಾನೇಜರ್ ತೆರೆದ ಮೇಲೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ ಹತ್ತು ನಿಮಿಷ ಸುಮ್ಮನೆ ನೋಡಿದೆ. ನಾನು ಏನೂ ಮಾಡದಿದ್ದರೂ ಪ್ರೊಸೆಸರಿನ ಶೇ 35 ಖರ್ಚಾಗುತ್ತಿತ್ತು. ಯಂತ್ರದ ಜೊತೆ ಬಂದ ಒಂದು ಆಂಟಿವೈರಸ್, ಅಂಗಡಿಯವರು ಹಾಕಿದ ಇನ್ನೊಂದು. ಒಂದೊಂದು ಕಡತವನ್ನೂ ಎರಡೂ ಶೋಧಿಸುತ್ತಿದ್ದವು. ನನ್ನ ಲೆಕ್ಕದ ಡೇಟಾ ಇದ್ದ ಡಾಕ್ಯುಮೆಂಟ್ಸ್ ಫೋಲ್ಡರ್ ಕ್ಲೌಡಿಗೆ ಜೋಡಣೆಯಾಗಿತ್ತು. ಒಂದು ವೋಚರ್ ಉಳಿಸಿದರೂ ಮತ್ತೆ ಅಪ್‌ಲೋಡ್ ಶುರು. ಎರಡು ಆಂಟಿವೈರಸ್‌ಗಳನ್ನೂ ತೆಗೆದು ವಿಂಡೋಸಿನದೇ ಡಿಫೆಂಡರ್ ಉಳಿಸಿದೆ. ಡೇಟಾವನ್ನು ಡಿ ಡ್ರೈವಿಗೆ ಸರಿಸಿ, ದಿನಕ್ಕೊಮ್ಮೆ ಸಂಜೆ ಬ್ಯಾಕಪ್ ಕಡತ ಮಾತ್ರ ಕ್ಲೌಡಿಗೆ ಹೋಗುವಂತೆ ಮಾಡಿದೆ. ಹೊಸ ಯಂತ್ರ ಮೊದಲ ಕೆಲವು ದಿನ ಅಪ್‌ಡೇಟ್, ಇಂಡೆಕ್ಸಿಂಗ್ ಎಂದು ತಾನಾಗಿಯೇ ಬಿಸಿಯಾಗುತ್ತದೆ ಎಂಬುದೂ ನಿಜ, ಆದರೆ ನನ್ನದಕ್ಕೆ ಆ ನೆಪ ಮುಗಿದುಹೋಗಿತ್ತು.

ಮಧ್ಯಾಹ್ನದ ಕೆಲಸಕ್ಕೆ ಇನ್ನೊಂದು ಉಪಾಯವಿದೆ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿ 100 ಇದ್ದದ್ದನ್ನು 99 ಮಾಡಿದರೆ ಟರ್ಬೊ, ಅಂದರೆ ಮಾಮೂಲಿಗಿಂತ ಹೆಚ್ಚಿನ ವೇಗ, ಸಾಮಾನ್ಯವಾಗಿ ನಿಲ್ಲುತ್ತದೆ. ಕೆಲವು ಯಂತ್ರಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ, ನನ್ನದರಲ್ಲಿ ಇತ್ತು. ಲೆಕ್ಕದ ಕೆಲಸಕ್ಕೆ ಟರ್ಬೊ ಬೇಕಾಗಿಲ್ಲ. 97 ಮುಟ್ಟುತ್ತಿದ್ದದ್ದು 76ಕ್ಕೆ ಬಂತು.

ಬ್ಯಾಗಿನಲ್ಲಿ ಬಿಸಿಯಾಗುವುದು ಬೇರೆಯೇ ಒಂದು ಸಂಗತಿ. ಮುಚ್ಚಳ ಮುಚ್ಚಿ ಸ್ಕೂಟಿಯಲ್ಲಿ ಮನೆಗೆ ಬಂದು ತೆಗೆದರೆ ಬಿಸಿ, ಬ್ಯಾಟರಿಯೂ ಅರ್ಧ. ಈಗಿನ ಯಂತ್ರಗಳು ಮುಚ್ಚಿದಾಗ ಪೂರ್ತಿ ಮಲಗುವುದಿಲ್ಲ, ಕೋಳಿನಿದ್ದೆ. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ, ಅಂದರೆ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆಫ್ ಆಗುವಂತೆ, ಬದಲಿಸಿಕೊಂಡೆ, ಅಲ್ಲಿಗೆ ಮುಗಿಯಿತು. ಚಾರ್ಜರ್ ಹಾಕಿದಾಗ ಅಂಗೈ ಜುಮ್ಮೆನ್ನುವುದು, ಕರ್ಸರ್ ತಾನೇ ಕುಣಿಯುವುದೂ ಕಿರ್ದಿಯಲ್ಲಿ ಎರಡು ಕಡೆ ಇತ್ತು. ಅದು ನಮ್ಮ ಹಳೇ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲದ್ದರಿಂದ. ಎಲೆಕ್ಟ್ರಿಷಿಯನ್ ಬಂದು ಸರಿಮಾಡಿದರು. ಅದನ್ನು ನಾನು ಮೊದಲೇ ಮಾಡಿಸಬೇಕಿತ್ತು, ಮನೆಯಲ್ಲಿ ಅಮ್ಮ ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುತ್ತಾರೆ.

ಮೇ 20ಕ್ಕೆ ಕೆಳಗಿನ ಕೋಣೆಯಲ್ಲಿ ಬೆಳಿಗ್ಗೆ ಐದೂವರೆಗೆ ಕೂತೆ. ಹದಿಮೂರು ಜನರ 3ಬಿ ಹನ್ನೊಂದು ಗಂಟೆಗೆ ಮುಗಿಯಿತು. ಮೂಲೆಯ ಕಿಟಕಿಯಲ್ಲಿ ಅತಿ ಹೆಚ್ಚು ಎಂದು ದಾಖಲಾದದ್ದು 68. ಓಣಿಯ ಹುಡುಗನಿಗೆ ಬೆಣ್ಣೆ ದೋಸೆ ಬಾಕಿ ಇತ್ತು, ಅವನನ್ನು ಕರೆದುಕೊಂಡು ಹೋದೆ. ನೋಟ್‌ಬುಕ್ ಈಗ ಅವನ ಹತ್ತಿರ ಇದೆ. ಅವನ ಗೆಳೆಯನದೊಂದು ಹೊಸ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಿದೆಯಂತೆ, ಗೆರೆ ಹೇಗೆ ಎಳೆಯಬೇಕೆಂದು ತೋರಿಸಲು ಒಯ್ದಿದ್ದಾನೆ.