ಮೂರು ಭಾಷೆಯ ಮನೆಯಲ್ಲಿ ಮಾತು ತಡವಾದ ಮಗು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪಂಚಾಯತಿನ ಅಂಗನವಾಡಿಯೊಂದರಲ್ಲಿ ಕೆಲಸ ಮಾಡುವ ನನಗೆ, ಮಗುವಿನ ಬೆಳವಣಿಗೆ ಹಿಂದುಳಿದಿರುವುದನ್ನು ಗುರುತಿಸುವುದಕ್ಕಿಂತ ಅದನ್ನು ಹೆತ್ತವರಿಗೆ ಮನಗಾಣಿಸುವುದೇ ಹೆಚ್ಚು ಕಷ್ಟದ ಕೆಲಸವೆನಿಸಿದೆ. ಗುರುತಿಸಲು ತಿರುವನಂತಪುರದ ಶಿಶು ಅಭಿವೃದ್ಧಿ ಕೇಂದ್ರ ರೂಪಿಸಿದ ಪಟ್ಟಿಯಿದೆ. 2 ವರ್ಷದೊಳಗಿನ ಮಕ್ಕಳ 17 ಚಟುವಟಿಕೆಗಳು ಅದರಲ್ಲಿ, ಪ್ರತಿಯೊಂದೂ ಯಾವ ತಿಂಗಳಿಂದ ಯಾವ ತಿಂಗಳೊಳಗೆ ಬರಬೇಕೆಂದು ತೋರಿಸುವ ಅಡ್ಡಗೆರೆಗಳಾಗಿವೆ. ಮಗುವಿನ ವಯಸ್ಸಿನ ತಿಂಗಳ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟಾಗ, ಅದರ ಎಡಬದಿಯಲ್ಲೇ ಮುಗಿದುಹೋದ ಗೆರೆಯ ಚಟುವಟಿಕೆಯನ್ನು ಮಗು ಇನ್ನೂ ಮಾಡುತ್ತಿಲ್ಲವಾದರೆ ತಪಾಸಣೆಗೆ ಕಳುಹಿಸಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚಿತವೋ ಅಷ್ಟನ್ನು ವಯಸ್ಸಿನಿಂದ ಕಳೆಯುತ್ತೇನೆ. ಪೆನ್ಸಿಲನ್ನು ಮಾತ್ರ ನಾನು ಹಿಡಿಯುವುದಿಲ್ಲ, ತಾಯಿಯ ಕೈಗೇ ಕೊಡುತ್ತೇನೆ. ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ, ಮಕ್ಕಳ ಅಂಗವೈಕಲ್ಯಕ್ಕೆ ಅದೇ ಕಾರಣವೆಂಬ ಭಯ ಇನ್ನೂ ಉಳಿದಿರುವ ಸೀಮೆಯಿದು. 'ಬೆಳವಣಿಗೆ ಕಡಿಮೆ' ಎಂದು ಬೇರೆಯವರ ಬಾಯಿಂದ ಕೇಳಿದ ಕೂಡಲೇ ಇಲ್ಲಿನ ತಾಯಂದಿರು ಎದೆಗುಂದಿ, ಮುಂದಿನ ಮಾತಿಗೆ ಕಿವಿಗೊಡುವುದೇ ಇಲ್ಲ.

ಒಂದೂವರೆ ವರ್ಷದ ಹುಡುಗನೊಬ್ಬನ ಮನೆಗೆ ಹೋಗಿದ್ದಾಗ ಅವನ ಅಜ್ಜಿ, "ಟೀಚರೇ, ಇವನ ಅಪ್ಪ ಮಾತಾಡಿದ್ದೇ ಮೂರು ವರ್ಷ ಕಳೆದ ಮೇಲೆ. ಮನೆಯಲ್ಲಿ ತುಳು, ಟಿವಿಯಲ್ಲಿ ಮಲಯಾಳ, ನಿಮ್ಮಲ್ಲಿ ಕನ್ನಡ, ಪಾಪ ಮಗು ಯಾವುದನ್ನು ಕಲಿಯಬೇಕು? ಮಧೂರು ಗಣಪತಿಗೆ ಅಪ್ಪದ ನೈವೇದ್ಯದ ಹರಕೆ ಹೇಳಿಕೊಂಡಿದ್ದೇವೆ" ಎಂದರು. ಹರಕೆಯೂ ಇರಲಿ, ಪರೀಕ್ಷೆಯೂ ಆಗಲಿ ಎಂದೆ. ಹುಡುಗ ಅಡಿಕೆ ಸಿಪ್ಪೆಯೊಂದಿಗೆ ಆಡುತ್ತಿದ್ದ. ಅವನಿಗೆ ಕಾಣದಂತೆ ಹಿಂದೆ ನಿಂತು ಸ್ಟೀಲ್ ಬಟ್ಟಲಿಗೆ ಚಮಚದಿಂದ ಮೆಲ್ಲಗೆ ಬಡಿಯುವಂತೆ ತಾಯಿಗೆ ಹೇಳಿದೆ. ಅವನು ತಿರುಗಲಿಲ್ಲ, ಹೆಸರು ಕರೆದಾಗಲೂ ತಿರುಗಲಿಲ್ಲ. ಅಜ್ಜಿ ಬಾಗಿಲನ್ನು ಧಡ್ಡೆಂದು ಹಾಕಿದಾಗ ತಿರುಗಿದ. ಅದನ್ನೇ ಅವರು ಕಿವಿ ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ನಂಬಿದ್ದರು. ಜೋರಾದ ಸದ್ದು ಕೇಳಿಸುವ, ಅದರ ಅದುರು ನೆಲದಲ್ಲಿ ತಿಳಿಯುವ ಮಗುವಿಗೂ ಮಾತಿನ ಸಣ್ಣ ಧ್ವನಿಗಳು ಕೇಳಿಸದಿರಬಹುದೆಂದು ವಿವರಿಸಿದ ಮೇಲೆ, ಶ್ರವಣ ಪರೀಕ್ಷೆಗೆ ಹೊರಡೋಣವೆಂದು ತಾಯಿಯೇ ಹೇಳಿದರು. ಮಾತು ತಡವಾದ ಯಾವ ಮಗುವಿಗೂ ಮೊದಲು ಆಗಬೇಕಾದದ್ದು ಈ ಪರೀಕ್ಷೆಯೇ.

ಭಾಷೆಗಳು ಹೆಚ್ಚಾದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ತುಳುವಿನಲ್ಲಿ 'ಪುಚ್ಚೆ' (ಬೆಕ್ಕು), ಮಲಯಾಳದಲ್ಲಿ 'ವೆಳ್ಳಂ' (ನೀರು), ಕನ್ನಡದಲ್ಲಿ 'ಬಾ' ಎನ್ನುವ ಮಗುವಿಗೆ ಮೂರು ಪದಗಳು ಬರುತ್ತವೆ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ. ಬೇಕಾದುದನ್ನು ಬೆರಳಿನಿಂದ ತೋರಿಸುವುದು, ಕರೆದಾಗ ಮುಖ ನೋಡುವುದು, ನಕ್ಕರೆ ನಗುವುದು ಯಾವ ಭಾಷೆಯ ಮನೆಯಲ್ಲೂ ಬರಬೇಕಾದವು. ಅವೂ ಇಲ್ಲದಿದ್ದರೆ ಭಾಷೆಯ ಮೇಲೆ ಹೊರೆ ಹೊರಿಸಿ ಕಾಯುವುದು ಸರಿಯಲ್ಲ.

ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತೇವೆ, ಅಲ್ಲಿ ಶುಲ್ಕವಿಲ್ಲ. ಅಲ್ಲಿನ ಮಾತುಕತೆ ಮಲಯಾಳದಲ್ಲಿ ನಡೆಯುವುದರಿಂದ, ತಾಯಿ ಗಮನಿಸಿದ್ದನ್ನೆಲ್ಲ ನಾನು ಮಲಯಾಳದಲ್ಲಿ ಬರೆದು ಕೊಡುತ್ತೇನೆ. ಮರಳಿ ಬಂದಾಗ ಕೇಂದ್ರದವರು ಹೇಳಿಕೊಟ್ಟ ಅಭ್ಯಾಸಗಳನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ತಪಾಸಣೆಯ ಸರದಿ ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ಮೊಬೈಲನ್ನು ದೂರವಿಟ್ಟು, ಮಗುವಿನ ಎದುರು ಕುಳಿತು, ಬಟ್ಟಲು ತೋರಿಸಿ 'ಬೇಕಾ?' ಎಂದು ಕೇಳಿ, ಅದು ಕಣ್ಣಿನಿಂದಲೋ ಕೈಯಿಂದಲೋ ಉತ್ತರ ಕೊಡುವವರೆಗೆ ತುಸು ಕಾಯುವುದು ಎಲ್ಲ ತಾಯಂದಿರಿಗೂ ಸಾಧ್ಯ. ಆದರೆ ಬರುತ್ತಿದ್ದ ಮಾತು ಅಥವಾ ನಡಿಗೆ ನಿಂತುಹೋದರೆ ಮನೆಯ ಅಭ್ಯಾಸ, ಸರದಿ ಯಾವುದಕ್ಕೂ ಕಾಯದೆ ಕೂಡಲೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಲು ಹೇಳುತ್ತೇನೆ.